ಹಣ, ಕೆಲಸ, ನಾನು: ಕಲೆಯನ್ನೇ ನೆಚ್ಚಿಕೊಂಡವರ ಮನಸ್ಸಿನ ಆರೈಕೆ

ಕಲೆಯನ್ನೇ ಕಸುಬಾಗಿಸಿಕೊಂಡು ಇನ್ನೂ ನೆಲೆ ಕಾಣದವರು ಮಂಕಾಗಿ ಕೂತಾಗ ಸುತ್ತಲಿನವರಿಂದ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ. ಒಂದು, ‘ಕಲಾವಿದರ ಮನಸ್ಸೇ ಹಾಗೆ, ಬಲು ಸೂಕ್ಷ್ಮ.’ ಇನ್ನೊಂದು, ‘ಮೊದಲು ಒಂದು ನೌಕರಿ ಅಂತ ಹಿಡಿಯಿರಿ, ಎಲ್ಲ ಸರಿಹೋಗುತ್ತೆ.’ ಎರಡೂ ಹಿತದೃಷ್ಟಿಯಿಂದಲೇ ಬಂದ ಮಾತುಗಳಿರಬಹುದು. ಆದರೆ ಎರಡೂ ಆ ಕೆಲಸದ ಸ್ವರೂಪವನ್ನು ನೋಡುವುದಿಲ್ಲ. ಯಾವಾಗ ಬರುತ್ತದೋ ಗೊತ್ತಿಲ್ಲದ ಹಣ, ತಿಂಗಳುಗಟ್ಟಲೆ ಬಾರದ ಉತ್ತರ, ಮಾಡಿದ ಕೆಲಸಕ್ಕೂ ಮಾಡಿದವರ ಯೋಗ್ಯತೆಗೂ ನಡುವೆ ಗೆರೆಯೇ ಇಲ್ಲದ ಸ್ಥಿತಿ: ಇದನ್ನು ಯಾರ ಮೇಲೆ ಹೇರಿದರೂ ಕೆಲವು ವರ್ಷಗಳಲ್ಲಿ ಮನಸ್ಸು ದಣಿಯುತ್ತದೆ.

ಈ ದಣಿವಿನ ಒಳಗೆ ಮೂರು ಬೇರೆಬೇರೆ ಚಿಂತೆಗಳು ಸಿಕ್ಕುಬಿದ್ದಿರುತ್ತವೆ. ತಿಂಗಳ ಖರ್ಚು ಹೇಗೆ ಎಂಬುದೊಂದು. ಕೈಯಲ್ಲಿರುವ ಕೃತಿ ಸರಿಯಾಗುತ್ತಿದೆಯೇ ಎಂಬುದೊಂದು. ನಾನು ಇದಕ್ಕೆ ಲಾಯಕ್ಕೇ ಎಂಬುದೊಂದು. ಒಂದು ತಿರಸ್ಕಾರದ ಮೇಲ್ ಬಂದರೆ ಮೂರೂ ಒಟ್ಟಿಗೆ ಎದ್ದು ಕೂರುತ್ತವೆ. ಮೂರಕ್ಕೂ ಮದ್ದು ಬೇರೆಬೇರೆ. ಆದ್ದರಿಂದ ಮೊದಲ ಕೆಲಸ ಸಿಕ್ಕು ಬಿಡಿಸುವುದು.

ಸಿಕ್ಕು ಯಾಕಾಗುತ್ತದೆ

1957ರಲ್ಲಿ ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್, ಬಹುಮಾನ ಸಿಗುವ ಕ್ರಮ ಪ್ರಾಣಿಗಳ ನಡವಳಿಕೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ವಿವರವಾಗಿ ಪ್ರಕಟಿಸಿದರು. ಗುಂಡಿಯನ್ನು ಕುಟುಕಿದ ಪ್ರತಿ ಸಲವೂ ಕಾಳು ಸಿಗುತ್ತಿದ್ದು ಒಮ್ಮೆಗೇ ನಿಂತರೆ ಪಾರಿವಾಳ ಬೇಗ ಕುಟುಕುವುದನ್ನು ಬಿಡುತ್ತದೆ. ಯಾವಾಗ ಸಿಗುತ್ತದೆಂದು ಗೊತ್ತಾಗದಂತೆ ಆಗೊಮ್ಮೆ ಈಗೊಮ್ಮೆ ಸಿಕ್ಕಿದ್ದರೆ, ನಿಂತ ಮೇಲೂ ಬಹಳ ಹೊತ್ತು ಕುಟುಕುತ್ತಲೇ ಇರುತ್ತದೆ. ಕಲಾವಿದರ ಮೇಲ್‌ಬಾಕ್ಸ್ ನಡೆಯುವುದು ಇದೇ ಲೆಕ್ಕದಲ್ಲಿ. ಹತ್ತು ಅರ್ಜಿಗೆ ಒಂದು ಉತ್ತರ ಬರಬಹುದು, ಅದು ನಾಳೆಯೂ ಬರಬಹುದು, ಆರು ತಿಂಗಳು ಬಿಟ್ಟೂ ಬರಬಹುದು. ಗಂಟೆಗೆ ನಾಲ್ಕು ಸಲ ಫೋನ್ ತೆಗೆದು ನೋಡುವ ಚಾಳಿ ಶಿಸ್ತಿಲ್ಲದ್ದರಿಂದ ಬಂದದ್ದಲ್ಲ; ಈ ವ್ಯವಸ್ಥೆ ಕಲಿಸಿದ್ದು.

ಇನ್ನೊಂದು ಕಾರಣ ಗುರುತಿನದು. ತಮ್ಮನ್ನು ಒಂದೇ ಪಾತ್ರದಲ್ಲಿ ಕಾಣುವವರಿಗೆ ಆ ಪಾತ್ರಕ್ಕೆ ಬಿದ್ದ ಪೆಟ್ಟು ಇಡೀ ವ್ಯಕ್ತಿಗೆ ಬೀಳುತ್ತದೆ ಎಂದು ಮನೋವಿಜ್ಞಾನಿ ಪೆಟ್ರೀಷಿಯಾ ಲಿನ್ವಿಲ್ 1980ರ ದಶಕದಲ್ಲಿ ವಾದಿಸಿದರು. ಅಕ್ಕ, ಈಜುಗಾರ್ತಿ, ಪಾಠ ಹೇಳುವವರು, ಚಿತ್ರಕಾರ್ತಿ ಎಂದು ನಾಲ್ಕು ಕಡೆ ಕಾಲೂರಿದವರಿಗೆ ಒಂದು ಕಡೆ ಜಾರಿದರೂ ನಿಲ್ಲಲು ಜಾಗ ಉಳಿದಿರುತ್ತದೆ. ‘ಕಲೆಗಾಗಿ ಎಲ್ಲ ಬಿಟ್ಟೆ’ ಎನ್ನುವುದನ್ನು ನಾವು ತುಂಬ ಹೊಗಳುತ್ತೇವೆ. ಮನಸ್ಸಿನ ದೃಷ್ಟಿಯಿಂದ ಅದು ಅಪಾಯದ ಏರ್ಪಾಡು. ಕಲೆಗೆ ಸಂಬಂಧವೇ ಇಲ್ಲದ, ಯಾರೂ ಅಂಕ ಕೊಡದ ಒಂದು ಚಟುವಟಿಕೆ ವಾರಕ್ಕೆ ಎರಡು ಸಲವಾದರೂ ಇರಲಿ.

ಹಣದ ಚಿಂತೆಗೆ ಹಣದ ಮದ್ದು

ಹಣದ ಆತಂಕವನ್ನು ಧ್ಯಾನದಿಂದ ಗೆಲ್ಲಿ ಎನ್ನುವ ಸಲಹೆಯನ್ನು ಒಪ್ಪುವುದು ಕಷ್ಟ. ಕೊರತೆ ನಿಜವಾಗಿದ್ದಾಗ ಮನಸ್ಸು ಅದನ್ನೇ ಸುತ್ತುತ್ತದೆ, ಬೇರೆ ಕೆಲಸಕ್ಕೆ ಬೇಕಾದ ಗಮನವನ್ನೂ ತಿಂದುಹಾಕುತ್ತದೆ. ಇಲ್ಲಿ ಬೇಕಾದದ್ದು ಏರುಪೇರಿನ ಆದಾಯವನ್ನು ಸಂಬಳದಂತೆ ಕಾಣುವ ಹಾಗೆ ಮಾಡುವ ಏರ್ಪಾಡು.

ಹಿಂದಿನ 12 ತಿಂಗಳಲ್ಲಿ ಕಲೆಯಿಂದ ಕೈಗೆ ಬಂದ ಹಣವನ್ನು ತಿಂಗಳುವಾರು ಬರೆಯಿರಿ. ಸೊನ್ನೆ ಬಂದ ತಿಂಗಳನ್ನೂ ಸೊನ್ನೆ ಎಂದೇ ಬರೆಯಬೇಕು. ಸಾಮಗ್ರಿ, ಪ್ರಯಾಣ, ತೆರಿಗೆ ಕಳೆದು ಒಟ್ಟು 4,20,000 ಉಳಿದಿದೆ ಎಂದಿಟ್ಟುಕೊಳ್ಳಿ. ತಿಂಗಳ ಸರಾಸರಿ 35,000. ಅದರ ಮುಕ್ಕಾಲು ಪಾಲು, ಅಂದರೆ ಸುಮಾರು 26,000, ನಿಮ್ಮ ‘ಸಂಬಳ’. ಪೂರ್ತಿ ಸರಾಸರಿಯನ್ನು ತೆಗೆದುಕೊಳ್ಳಬಾರದು. ಮುಂದಿನ ವರ್ಷ ಕಡಿಮೆಯಾದರೆ ತಡೆದುಕೊಳ್ಳಲು ಏನೂ ಇರುವುದಿಲ್ಲ. ಈಗ ಇನ್ನೊಂದು ಹಾಳೆಯಲ್ಲಿ ಬಿಡಲಾಗದ ಖರ್ಚುಗಳನ್ನು ಮಾತ್ರ ಕೂಡಿ: ಬಾಡಿಗೆ, ಊಟ, ಔಷಧಿ, ಸಾಲದ ಕಂತು, ಫೋನ್. ಅದು 31,000 ಬಂತು ಎನ್ನಿ. ಹಾಗಾದರೆ ತಿಂಗಳಿಗೆ 5,000 ಕಡಿಮೆ ಬೀಳುತ್ತಿದೆ. ‘ಏನೂ ಸಾಲುತ್ತಿಲ್ಲ’ ಎನ್ನುವ ಭೂತದ ಜಾಗದಲ್ಲಿ ಈಗ ಒಂದು ಅಂಕಿ ಕೂತಿದೆ. ಅಷ್ಟನ್ನು ತುಂಬಲು ವಾರಕ್ಕೆ ಎಷ್ಟು ಗಂಟೆ ಪಾಠ ಹೇಳಬೇಕು, ಎಷ್ಟು ಹೊತ್ತು ಬೇರೆ ಕೆಲಸ ಮಾಡಬೇಕು ಎಂದು ಲೆಕ್ಕ ಹಾಕಬಹುದು.

ನಡೆಸುವ ಬಗೆ ಸರಳ. ಎರಡು ಬ್ಯಾಂಕ್ ಖಾತೆ ಇರಲಿ. ಬರುವ ಹಣವೆಲ್ಲ ಮೊದಲ ಖಾತೆಗೆ. ಬಂದ ದಿನವೇ ತೆರಿಗೆಯ ಪಾಲನ್ನೂ ಮುಂದಿನ ಕೆಲಸದ ಸಾಮಗ್ರಿಯ ಪಾಲನ್ನೂ ಬೇರೆ ತೆಗೆದಿಡಿ. ಪ್ರತಿ ತಿಂಗಳು ಒಂದೇ ತಾರೀಖಿಗೆ ‘ಸಂಬಳ’ದ ಮೊತ್ತ ಮಾತ್ರ ಎರಡನೆಯ ಖಾತೆಗೆ ಹೋಗಲಿ, ಮನೆ ನಡೆಯುವುದು ಅದರಲ್ಲಿ. ಇದು ಕೆಡುವುದು ಹೆಚ್ಚಾಗಿ ದೊಡ್ಡ ಮೊತ್ತ ಬಂದ ತಿಂಗಳಲ್ಲಿ. ಎಷ್ಟೋ ದಿನ ತಡೆದುಕೊಂಡ ಮನಸ್ಸು ಆ ವಾರ ಖರ್ಚು ಮಾಡಿಬಿಡುತ್ತದೆ, ಇಲ್ಲವೇ ಎಲ್ಲ ಕೈಸಾಲವನ್ನೂ ಒಂದೇ ಏಟಿಗೆ ತೀರಿಸಿ ಎರಡು ತಿಂಗಳ ನಂತರ ಮತ್ತೆ ಸಾಲಕ್ಕೆ ಹೋಗುತ್ತದೆ. ಸಾಲದ ಕಂತನ್ನೂ ಸಂಬಳದೊಳಗೇ ಸೇರಿಸಿ. ಬಂದದ್ದರಲ್ಲಿ ನೂರಕ್ಕೆ ಐದು ಪಾಲು ‘ಖುಷಿಗೆ’ ಎಂದು ಮೊದಲೇ ಬರೆದಿಟ್ಟರೆ ಆ ತಡೆ ಒಡೆಯುವ ಸಂಭವ ಕಡಿಮೆ.

ಮೊದಲ ಖಾತೆಯಲ್ಲಿರುವ ಹಣವನ್ನು ಬಿಡಲಾಗದ ಖರ್ಚಿನಿಂದ ಭಾಗಿಸಿದರೆ ಇನ್ನೆಷ್ಟು ತಿಂಗಳು ನಡೆಯುತ್ತದೆಂದು ತಿಳಿಯುತ್ತದೆ. ಅದು ಎರಡು ತಿಂಗಳಿಗೆ ಇಳಿದಾಗ ಏನು ಮಾಡುವುದೆಂದು ನಾಲ್ಕು ತಿಂಗಳಿಗಾಗುವಷ್ಟು ಇರುವಾಗಲೇ ತೀರ್ಮಾನಿಸಿ: ಯಾರಲ್ಲಿ ಕೆಲಸ ಕೇಳುವುದು, ಯಾವ ಖರ್ಚು ನಿಲ್ಲಿಸುವುದು. ಭಯದಲ್ಲಿ ಮಾಡಿದ ತೀರ್ಮಾನಗಳೇ ಹೆಚ್ಚಾಗಿ ಕಡಿಮೆ ದರಕ್ಕೆ ಒಪ್ಪಿಕೊಂಡ ಕೆಲಸಗಳಾಗುವುದು.

ಬಾಕಿ ಕೇಳುವುದು ಹಲವರಿಗೆ ಎಲ್ಲಕ್ಕಿಂತ ದೊಡ್ಡ ಮುಜುಗರ. ಆ ಸಾಲುಗಳನ್ನು ಸಮಾಧಾನವಾಗಿರುವಾಗ ಬರೆದಿಟ್ಟುಕೊಳ್ಳಿ: ‘ಒಪ್ಪಂದದ ಪ್ರಕಾರ ಇಂಥ ತಾರೀಖಿಗೆ ಬರಬೇಕಿದ್ದ ಬಾಕಿ ಇನ್ನೂ ತಲುಪಿಲ್ಲ. ಯಾವ ದಿನ ಪಾವತಿಯಾಗುತ್ತದೆ ಎಂದು ದಯವಿಟ್ಟು ತಿಳಿಸಿ.’ ಕ್ಷಮೆ ಬೇಡ, ಕಷ್ಟದ ವಿವರಣೆಯೂ ಬೇಡ. ಗಡುವು ಮೀರಿದ ಮರುದಿನ ಒಮ್ಮೆ, ವಾರದ ನಂತರ ಮತ್ತೊಮ್ಮೆ ಕಳಿಸುವುದು ಎಂದು ನಿಯಮವಿದ್ದರೆ ಪ್ರತಿ ಸಲವೂ ಧೈರ್ಯ ಒಟ್ಟುಮಾಡಬೇಕಿಲ್ಲ. ಹೊಸ ಕೆಲಸ ಒಪ್ಪುವಾಗ ಮೂರನೇ ಒಂದು ಪಾಲು ಅಥವಾ ಅರ್ಧ ಮುಂಗಡ, ಎಷ್ಟು ಸಲ ತಿದ್ದಿಕೊಡುತ್ತೀರಿ, ಬಾಕಿ ಯಾವ ದಿನ ಎಂಬ ಮೂರನ್ನು ಬರಹದಲ್ಲಿ ಪಡೆಯಿರಿ.

ಇಷ್ಟಾದರೂ ಚಿಂತೆ ರಾತ್ರಿ ಎಬ್ಬಿಸಬಹುದು. ಅದಕ್ಕೆ ಮನೋವಿಜ್ಞಾನಿ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿದ ಒಂದು ಉಪಾಯವಿದೆ. ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ: ಅದು ಚಿಂತೆಯ ಸಮಯ. ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಚೀಟಿಯಲ್ಲಿ ಬರೆದು ಆ ಅರ್ಧ ಗಂಟೆಗೆ ಮುಂದೂಡಬೇಕು. ಆ ಜಾಗ ಮಲಗುವ ಕೋಣೆಯಾಗಬಾರದು, ಕೆಲಸದ ಮೇಜೂ ಆಗಬಾರದು. ಮೊದಲ ವಾರ ಇದು ನಾಟಕದಂತೆ ಅನಿಸುತ್ತದೆ. ಎರಡು ಮೂರು ವಾರ ಬಿಡದೆ ಮಾಡಿ ನೋಡಿ.

ತಿರಸ್ಕಾರಕ್ಕೊಂದು ಕ್ರಮ

ತಿರಸ್ಕಾರದ ಪತ್ರಗಳು ಎಲ್ಲವೂ ಒಂದೇ ಅಲ್ಲ. ಅಚ್ಚು ಹಾಕಿದಂಥ, ಎಲ್ಲರಿಗೂ ಹೋಗುವ ಪತ್ರದಲ್ಲಿ ಕೃತಿಯ ಬಗ್ಗೆ ಮಾಹಿತಿಯೇ ಇರುವುದಿಲ್ಲ. ಜಾಗ ತುಂಬಿತ್ತೋ, ಅದೇ ವಸ್ತುವಿನ ಇನ್ನೊಂದು ಕೃತಿ ಮೊದಲೇ ಬಂದಿತ್ತೋ, ಓದಿದವರಿಗೆ ಅದು ರುಚಿಸಲಿಲ್ಲವೋ ತಿಳಿಯುವ ದಾರಿಯಿಲ್ಲ. ಅದರಿಂದ ಪಾಠ ಹಿಂಡಲು ಹೋಗಬೇಡಿ. ‘ಎರಡನೆಯ ಭಾಗ ಎಳೆದಂತಿದೆ’ ಎಂಬಂಥ ನಿರ್ದಿಷ್ಟ ಮಾತಿದ್ದರೆ ಅದು ಮಾಹಿತಿ, ಎತ್ತಿಡಿ. ‘ಮುಂದಿನ ಸಲ ಕಳಿಸಿ’ ಎಂದಿದ್ದರೆ ಅದು ತೆರೆದ ಬಾಗಿಲು. ಅದನ್ನು ಶಿಷ್ಟಾಚಾರವೆಂದು ತಳ್ಳಿಹಾಕಿ ಮತ್ತೆಂದೂ ಕಳಿಸದೆ ಇರುವವರು ತುಂಬ ಜನ, ಇದು ನಿಜಕ್ಕೂ ನೋವಿನ ವಿಷಯ.

ಕಳಿಸುವ ಮುಂಚೆಯೇ ಒಂದು ಪಟ್ಟಿ ಮಾಡಿಕೊಳ್ಳಿ. ಐದು ಕಾಲಂ ಸಾಕು: ಕೃತಿ, ಎಲ್ಲಿಗೆ, ಕಳಿಸಿದ ತಾರೀಖು, ಉತ್ತರ, ಮುಂದೆ ಎಲ್ಲಿಗೆ. ಕೊನೆಯ ಕಾಲಂ ಮುಖ್ಯವಾದದ್ದು. ಒಂದು ಕೃತಿ ಹೊರಗೆ ಹೋಗುವಾಗಲೇ ಅದರ ಮುಂದಿನ ಎರಡು ವಿಳಾಸ ಅಲ್ಲಿ ಇರಬೇಕು. ಹಾಗಿದ್ದರೆ ‘ಇಲ್ಲ’ ಎಂದು ಬಂದ ದಿನ ಯೋಚಿಸುವ ಕೆಲಸ ಇರುವುದಿಲ್ಲ. ಮೇಲ್ ನೋಡಲು ದಿನಕ್ಕೆ ಎರಡು ಹೊತ್ತು ಗೊತ್ತುಮಾಡಿ, ಉಳಿದ ಹೊತ್ತು ನೋಟಿಫಿಕೇಶನ್ ಬಂದ್ ಇರಲಿ. ಬೆಳಗಿನ ಕೆಲಸ ಮುಗಿಯುವ ಮುಂಚೆ ಮೇಲ್ ನೋಡಬೇಡಿ, ಮಲಗುವ ಹೊತ್ತಿಗಂತೂ ಬೇಡವೇ ಬೇಡ.

ಪತ್ರ ಬಂತು. ಒಮ್ಮೆ ಓದಿ, ಪಟ್ಟಿಯಲ್ಲಿ ಗುರುತು ಹಾಕಿ, ಮುಚ್ಚಿ. ಮುಂದಿನ 48 ಗಂಟೆ ಆ ಕೃತಿಯನ್ನು ತೆರೆಯಬೇಡಿ, ಉತ್ತರ ಬರೆಯಬೇಡಿ, ಜಾಲತಾಣದಲ್ಲಿ ಬೇಸರ ಹಂಚಬೇಡಿ. ಬೇಸರ ಆಗಲೇಬೇಕು, ಅದನ್ನು ಒತ್ತಿಹಿಡಿಯಬೇಕಿಲ್ಲ. ನಡೆಯಿರಿ, ಒಬ್ಬ ಗೆಳೆಯರಿಗೆ ಫೋನ್ ಮಾಡಿ. ತಲೆಯಲ್ಲಿ ಸುತ್ತುತ್ತಿರುವ ವಾಕ್ಯವನ್ನು ಇದ್ದಂತೆಯೇ ಕಾಗದದಲ್ಲಿ ಬರೆಯಿರಿ. ಅದು ಹೆಚ್ಚಾಗಿ ‘ನನ್ನ ಕೈಯಲ್ಲಿ ಏನೂ ಆಗುವುದಿಲ್ಲ’ ಎಂಬಂತಿರುತ್ತದೆ. ಅದರ ಕೆಳಗೆ ನಡೆದದ್ದನ್ನಷ್ಟೇ ಬರೆಯಿರಿ: ‘ಈ ಸಂಸ್ಥೆ, ಈ ಸಲ, ಈ ಕೃತಿಯನ್ನು ತೆಗೆದುಕೊಳ್ಳಲಿಲ್ಲ.’ ಎರಡರ ನಡುವಿನ ಅಂತರ ಕಣ್ಣಿಗೆ ಬೀಳಲಿ. 48 ಗಂಟೆ ಕಳೆದ ಮೇಲೆ ಕೃತಿ ಮುಂದಿನ ವಿಳಾಸಕ್ಕೆ ಹೋಗುತ್ತದೆ.

ಇಲ್ಲಿ ಆಗುವ ದೊಡ್ಡ ಅನಾಹುತ ಒಂದೇ ತಿರಸ್ಕಾರಕ್ಕೆ ಕೃತಿಯನ್ನು ಬದಲಿಸುವುದು. ನಾಲ್ಕು ಕಡೆ ನಾಲ್ಕು ಬಗೆಯಲ್ಲಿ ತಿದ್ದಿದ ಕೃತಿ ಕೊನೆಗೆ ಯಾರದೂ ಅಲ್ಲದ್ದಾಗುತ್ತದೆ. ಪರಸ್ಪರ ಪರಿಚಯವಿಲ್ಲದ ಮೂವರು ಒಂದೇ ಜಾಗಕ್ಕೆ ಬೆರಳು ಇಟ್ಟರೆ ಆಗ ಆ ಜಾಗ ನೋಡಿ. ಅವರು ಸೂಚಿಸಿದ ಪರಿಹಾರ ತಪ್ಪಿರಬಹುದು, ಬೆರಳಿಟ್ಟ ಜಾಗ ಮಾತ್ರ ಸರಿ ಇರುತ್ತದೆ.

ಹಳೆಯ, ಆಳವಾದ ಗಾಯವಾಗಿ ಉಳಿದ ಸೋಲಿಗೆ ಬರವಣಿಗೆ ಕೆಲವರಿಗೆ ನೆರವಾಗುತ್ತದೆ. ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಬಳಸಿದ ಕ್ರಮ ಇದು: ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಕಾಗುಣಿತ ನೋಡದೆ ಆ ಘಟನೆಯನ್ನೂ ಅದರ ಬಗೆಗಿನ ಭಾವನೆಯನ್ನೂ ಬರೆಯುವುದು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗುವುದು ಸಹಜ. ಪರಿಣಾಮವೂ ಎಲ್ಲರಿಗೆ ಒಂದೇ ತೆರನಲ್ಲ; ಸರಾಸರಿಯಲ್ಲಿ ಅದು ಸಣ್ಣದೇ. ಆಘಾತ ಹಸಿಯಾಗಿರುವಾಗ ಇದು ಬೇಡ. ಇದನ್ನು ಕಲಾಕೃತಿ ಮಾಡಲೂ ಹೋಗಬೇಡಿ.

ಕೈ ಓಡದ ದಿನಗಳು

‘ಏನೂ ಹೊಳೆಯುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಸ್ಥಿತಿಗಳಿರಬಹುದು. ದಣಿವಾದರೆ ಬೇರೆ ಯಾವ ಕೆಲಸಕ್ಕೂ ಕೈ ಏಳುವುದಿಲ್ಲ. ಮದ್ದು ನಿದ್ದೆ ಮತ್ತು ರಜೆ. ಭಯವಾದರೆ ಉಳಿದೆಲ್ಲ ಕೆಲಸ ಚೆನ್ನಾಗಿ ನಡೆಯುತ್ತದೆ, ಮನೆ ಫಳಫಳ ಆಗುತ್ತದೆ, ಇದೊಂದಕ್ಕೆ ಮಾತ್ರ ಕೂರಲಾಗುವುದಿಲ್ಲ. ಮದ್ದು ಗುರಿಯನ್ನು ಕುಗ್ಗಿಸುವುದು, ಹತ್ತು ನಿಮಿಷ, ಯಾರಿಗೂ ತೋರಿಸದ ಹಾಳೆಯಲ್ಲಿ. ಮುಂದಿನ ಹೆಜ್ಜೆ ಗೊತ್ತಿಲ್ಲದಿದ್ದರೆ ಕೂರುತ್ತೀರಿ, ಆದರೆ ಅದೇ ಜಾಗವನ್ನು ಮತ್ತೆಮತ್ತೆ ತಿದ್ದುತ್ತೀರಿ. ಅದು ಮನಸ್ಸಿನ ತೊಂದರೆಯೇ ಅಲ್ಲ, ಕಸುಬಿನ ಪ್ರಶ್ನೆ, ಅನುಭವಿಗಳ ಜೊತೆ ಅರ್ಧ ಗಂಟೆಯ ಮಾತು ಸಾಕಾಗಬಹುದು. ನಾಲ್ಕನೆಯದು, ಆ ಕೃತಿ ನಿಮಗೆ ಬೇಡವಾಗಿರುವುದು. ಅದನ್ನು ಒಪ್ಪಿಕೊಂಡು ಬಿಡುವುದಕ್ಕೂ ಹಕ್ಕಿದೆ. ತಪ್ಪು ಮದ್ದು ಹಾಕಿದಾಗ ತೊಂದರೆ ಹೆಚ್ಚುತ್ತದೆ: ದಣಿದವರಿಗೆ ಶಿಸ್ತು ಹೇರಿದರೆ ಕುಸಿಯುತ್ತಾರೆ, ಹೆದರಿದವರಿಗೆ ರಜೆ ಕೊಟ್ಟರೆ ಭಯ ಬಲಿಯುತ್ತದೆ.

ದಿನದ ಗುರಿ ನಿಮ್ಮ ಕೈಯಲ್ಲಿರುವುದಾಗಿರಬೇಕು. ‘ಪ್ರದರ್ಶನಕ್ಕೆ ಆಯ್ಕೆಯಾಗುವುದು’ ನಿಮ್ಮ ಕೈಯಲ್ಲಿಲ್ಲ; ‘ಬೆಳಗ್ಗೆ ಒಂಬತ್ತರಿಂದ ಹನ್ನೊಂದು, ಎರಡು ಕರಡು’ ಇದೆ. ಯಾವಾಗ, ಎಲ್ಲಿ, ಏನು ಎಂದು ಮೊದಲೇ ಹೇಳಿಟ್ಟ ಸಂಕಲ್ಪ ಬರೀ ಸಂಕಲ್ಪಕ್ಕಿಂತ ಹೆಚ್ಚು ನೆರವೇರುತ್ತದೆ ಎಂಬುದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆಯ ತಿರುಳು. ನಿಲ್ಲಿಸುವಾಗ ಮುಂದಿನ ಹೆಜ್ಜೆಯನ್ನು ಒಂದು ಸಾಲಿನಲ್ಲಿ ಬರೆದು ಅಲ್ಲೇ ಬಿಟ್ಟು ಏಳಿ.

ದೊಡ್ಡ ಕೆಲಸವೊಂದು ಮುಗಿದ ಮೇಲಿನ ಇಳಿತಕ್ಕೂ ಸಿದ್ಧರಿರಬೇಕು. ಪ್ರದರ್ಶನ ಮುಗಿದ ಎರಡನೆಯ ಮೂರನೆಯ ದಿನ, ಎಲ್ಲ ಚೆನ್ನಾಗಿ ನಡೆದಿದ್ದರೂ, ಒಳಗೆ ಬರಿದಾದಂತೆ ಅನಿಸುತ್ತದೆ. ವಾರಗಟ್ಟಲೆ ಬಿಗಿಹಿಡಿದ ದೇಹ, ಕೆಟ್ಟ ನಿದ್ದೆ, ಒಮ್ಮೆಗೇ ಚದುರಿದ ತಂಡ, ಎದ್ದರೆ ಮಾಡಬೇಕಾದ್ದೇನೂ ಇಲ್ಲದ ಬೆಳಗು, ಇವೆಲ್ಲ ಸೇರಿದ ಫಲ ಅದು. ಆ ವಾರದ ಕ್ಯಾಲೆಂಡರ್ ಪ್ರದರ್ಶನಕ್ಕೆ ಮುಂಚೆಯೇ ತುಂಬಿಸಿ: ಒಬ್ಬರ ಭೇಟಿ, ಕೈಗೆ ಕೆಲಸ ಕೊಡುವ ಸಣ್ಣ ರಿಪೇರಿ, ಹಾಲ್‌ನಿಂದ ಸಾಮಾನು ತರುವುದು. ಆ ಹತ್ತು ದಿನ ಕಲೆ ಬಿಡುವಂಥ ತೀರ್ಮಾನ ಬೇಡ.

ನಿದ್ದೆ, ಪಾನೀಯ, ವೇದಿಕೆಯ ನಡುಕ

ರಾತ್ರಿ ಕಾರ್ಯಕ್ರಮ ಕೊಡುವವರು ಮಲಗುವ ಹೊತ್ತನ್ನು ಪೂರ್ತಿ ಹತೋಟಿಗೆ ತರಲಾರರು. ಏಳುವ ಹೊತ್ತನ್ನು ಒಂದು ಗಂಟೆಯ ಅಂತರದೊಳಗೆ ಇಡಬಹುದು, ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಕೆಫೀನ್ ಅರ್ಧದಷ್ಟು ಇಳಿಯಲು ಸಾಮಾನ್ಯವಾಗಿ ಐದು ಗಂಟೆಯಷ್ಟು ಬೇಕು. ಸಂಜೆ ಆರರ ಕಾಫಿಯ ಅರ್ಧ ಹನ್ನೊಂದಕ್ಕೂ ರಕ್ತದಲ್ಲಿರುತ್ತದೆ. ಹಾಸಿಗೆಯಲ್ಲಿ ಸುಮಾರು 20 ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಮರಳಿ. ಕಾರ್ಯಕ್ರಮದ ನಂತರದ ಮದ್ಯ ನಿದ್ದೆಯನ್ನು ಬೇಗ ತಂದರೂ ರಾತ್ರಿಯ ಉತ್ತರಾರ್ಧವನ್ನು ಒಡೆಯುತ್ತದೆ, ಮರುದಿನದ ಆತಂಕವನ್ನೂ ಏರಿಸುತ್ತದೆ.

ವೇದಿಕೆಯ ನಡುಕಕ್ಕೆ ನಿಮಿಷಕ್ಕೆ ಆರರಂತೆ ನಿಧಾನ ಉಸಿರು, ಐದು ನಿಮಿಷ. ಅದಕ್ಕಿಂತ ಮುಖ್ಯ, ಮೂರು ಜನರ ಮುಂದೆ, ಆಮೇಲೆ ಎಂಟು ಜನರ ಮುಂದೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ. ಕೆಲವು ವಾದ್ಯಗಾರರು ಪ್ರೊಪ್ರನೊಲಾಲ್ ಮಾತ್ರೆ ನುಂಗುವುದುಂಟು. ಅದು ಎದೆಬಡಿತ, ಕೈನಡುಕ ತಗ್ಗಿಸುತ್ತದೆ. ಆದರೆ ಆಸ್ತಮಾ ಇದ್ದವರಿಗೆ ಅಪಾಯಕಾರಿ, ಆದ್ದರಿಂದ ವೈದ್ಯರನ್ನು ಕೇಳದೆ ಗೆಳೆಯರಿಂದ ಪಡೆದು ನುಂಗಬಾರದು.

ಇದು ಬರೀ ಬೇಸರವಲ್ಲ ಎಂದು ತಿಳಿಯುವುದು ಹೇಗೆ

ನೋವಿದ್ದರೇ ಕಲೆ ಎಂಬ ನಂಬಿಕೆ ಎಷ್ಟೋ ಜನರನ್ನು ಚಿಕಿತ್ಸೆಯಿಂದ ದೂರ ಇಟ್ಟಿದೆ. ಅದಕ್ಕೆ ಮತ್ತೆಮತ್ತೆ ಎಳೆದುತರುವ ಹೆಸರು ಡಚ್ ಚಿತ್ರಕಾರ ವಾನ್ ಗೋ. ಆದರೆ ಕಾಯಿಲೆ ಉಲ್ಬಣಿಸಿದಾಗ ಆತ ಬಿಡಿಸಲಾಗದೆ ಕೂರುತ್ತಿದ್ದ. ಚಿತ್ರಗಳು ಬಂದದ್ದು ಹೆಚ್ಚಾಗಿ ತಿಳಿಯಾಗಿದ್ದ ದಿನಗಳಲ್ಲಿ. ತಮ್ಮ ತಿಯೋ ವರ್ಷಗಟ್ಟಲೆ ಹಣ ಕಳಿಸುತ್ತಿದ್ದದ್ದರಿಂದ ಆ ಕೆಲಸ ನಡೆಯಿತು. 1890ರಲ್ಲಿ ವಾನ್ ಗೋ ತೀರಿಕೊಂಡಾಗ ವಯಸ್ಸು 37. ಕಾಯಿಲೆ ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು.

ಖಿನ್ನತೆಯನ್ನು ಅಳೆಯಲು ವೈದ್ಯರು ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಆಸಕ್ತಿ ಕುಂದಿದ್ದು, ಮನಸ್ಸು ಕುಗ್ಗಿದ್ದು, ನಿದ್ದೆ, ಸುಸ್ತು, ಹಸಿವು, ತನ್ನ ಬಗ್ಗೆಯೇ ಜಿಗುಪ್ಸೆ, ಏಕಾಗ್ರತೆ, ಚಲನೆಯ ನಿಧಾನ ಅಥವಾ ಚಡಪಡಿಕೆ, ಸಾವಿನ ಯೋಚನೆ, ಇವು ಎಷ್ಟು ದಿನ ಕಾಡಿದವು ಎಂದು ಕೇಳುತ್ತದೆ. ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು ಹೆಚ್ಚೆಂದರೆ 27. ಮೊತ್ತ 10 ಅಥವಾ ಮೇಲಿದ್ದರೆ ವೈದ್ಯರನ್ನು ಕಾಣಬೇಕು. ಇದು ರೋಗನಿರ್ಣಯವಲ್ಲ, ಹೋಗಬೇಕೇ ಬೇಡವೇ ಎಂಬ ಗೊಂದಲ ಕಳೆಯುವ ಸಾಧನ. ಒಂಬತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಮೊತ್ತ ನೋಡುತ್ತ ಕೂರಬೇಡಿ. ಅಂದೇ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ವೈದ್ಯರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ, ಅಪಾಯ ತರಬಹುದಾದ ವಸ್ತುಗಳನ್ನು ಬೇರೆಯವರ ವಶಕ್ಕೆ ಕೊಡಿ, ಆ ರಾತ್ರಿ ಒಂಟಿಯಾಗಿ ಇರಬೇಡಿ.

ವೈದ್ಯರ ಬಳಿ ಹೋಗುವಾಗ ಎರಡು ವಾರದ ನಿದ್ದೆಯ ಹೊತ್ತು, ಕೆಲಸ ಮಾಡಿದ ಗಂಟೆ, ಮದ್ಯ ಅಥವಾ ಇತರ ಪದಾರ್ಥಗಳ ಬಳಕೆಯನ್ನು ಒಂದು ಹಾಳೆಯಲ್ಲಿ ಒಯ್ಯಿರಿ. ಎರಡು ಸಂಗತಿಯನ್ನು ಅವರು ಕೇಳದಿದ್ದರೂ ಹೇಳಿ. ಮೊದಲನೆಯದು, ಹಿಂದೆ ಯಾವಾಗಲಾದರೂ ಹಲವು ದಿನ ಎರಡು ಮೂರು ಗಂಟೆ ಮಾತ್ರ ಮಲಗಿಯೂ ದಣಿಯದೆ, ಯೋಚನೆ ಓಡುತ್ತ, ಕೈಮೀರಿ ಖರ್ಚು ಮಾಡುತ್ತ ಕೆಲಸ ಮಾಡಿದ್ದುಂಟೇ ಎಂಬುದು. ಕಲಾವಿದರು ಅದನ್ನು ಒಳ್ಳೆಯ ಕಾಲವೆಂದು ನೆನೆದು ಹೇಳುವುದನ್ನು ಮರೆಯುತ್ತಾರೆ. ಅದು ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಬೈಪೋಲಾರ್ ಕಾಯಿಲೆಯ ಸೂಚನೆಯಾಗಿದ್ದರೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಡುವುದು ಉನ್ಮಾದವನ್ನು ಕೆರಳಿಸಬಹುದು. ಎರಡನೆಯದು, ನಿಮ್ಮ ಕಸುಬು ದೇಹದ ಯಾವ ಭಾಗವನ್ನು ಅವಲಂಬಿಸಿದೆ ಎಂಬುದು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಕೆಲವರಲ್ಲಿ ಕೈನಡುಕ ತರುತ್ತದೆ, ಹಲವು ಔಷಧಿಗಳು ಬಾಯಿ ಒಣಗಿಸುತ್ತವೆ. ಕುಂಚ ಹಿಡಿಯುವವರು, ತಂತಿ ಮೀಟುವವರು, ಹಾಡುವವರು ಇದನ್ನು ಮೊದಲೇ ಹೇಳಿದರೆ ವೈದ್ಯರು ಪ್ರಮಾಣ ಬದಲಿಸಬಹುದು, ಬೇರೆ ಔಷಧಿ ಆರಿಸಬಹುದು. ಖಿನ್ನತೆಯ ಮಾತ್ರೆಗಳ ಪರಿಣಾಮ ಕಾಣಲು ಸಾಮಾನ್ಯವಾಗಿ ಎರಡರಿಂದ ಆರು ವಾರ ಬೇಕು, ಅಡ್ಡಪರಿಣಾಮಗಳು ಅದಕ್ಕೂ ಮೊದಲೇ ಕಾಣಿಸುತ್ತವೆ. ಆ ಅಂತರದಲ್ಲೇ ಎಷ್ಟೋ ಜನ ಬಿಟ್ಟುಬಿಡುವುದು. ಹೊಂದುತ್ತಿಲ್ಲವೆನಿಸಿದರೆ ತಾವಾಗಿಯೇ ಒಮ್ಮೆಲೇ ನಿಲ್ಲಿಸದೆ ಫೋನ್ ಮಾಡಿ ಕೇಳಿ. ಇಳಿಸುವುದಿದ್ದರೂ ಹಂತಹಂತವಾಗಿ ಇಳಿಸಬೇಕು.